ಗುತ್ತಲಿನಿಂದ ಮಳವಳ್ಳಿಗೆ ಹಾಕಿದ ಅಕ್ಷತೆ

ಹೋದ ವರ್ಷ ಮಾಘ ಮಾಸದ ಮಾತು. ಹಿತ್ತಲ ಬಾಗಿಲಲ್ಲಿ ಮಣೆ ಹಾಕಿಕೊಂಡು, ರಾತ್ರಿ ನೆನೆಸಿಟ್ಟಿದ್ದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದೆ. ಅರ್ಧ ಪಾತ್ರೆ ಬೇಳೆ ಆಗಿತ್ತು, ಇನ್ನರ್ಧ ಬಾಕಿ ಇತ್ತು. ಅಷ್ಟರಲ್ಲಿ ನಮ್ಮ ಯಜಮಾನರ ಫೋನು ಬಂತು. ಅತ್ತೆಯ ಎಕ್ಸ್‌ರೇ ತೋರಿಸಲು ಅವರು ಆಸ್ಪತ್ರೆಗೆ ಹೋಗಿದ್ದರು. ಕೈಯೆಲ್ಲ ಲೋಳೆಯಾಗಿದ್ದರಿಂದ ಕಿರುಬೆರಳಲ್ಲಿ ಒತ್ತಿ ಸ್ಪೀಕರ್ ಹಾಕಿದೆ.

"ಡಾಕ್ಟ್ರು ಆಗಾಕಿಲ್ಲ ಅಂದ್ರು ಕಣೆ. ಇನ್ನೂ ಮೂರು ವಾರ ಅವ್ವನ್ನ ಅಲುಗಿಸಂಗಿಲ್ವಂತೆ. ಕಾರಲ್ಲಿ ಮಲಗಿಸ್ಕೊಂಡು ಓದ್ರೂ ಬ್ಯಾಡ ಅಂದ್ರು."

"ಮದುವೆ ಇನ್ನು ಎಂಟೇ ದಿನ ಅಲ್ವೇನ್ರಿ?"

"ಅದ್ನೂ ಹೇಳ್ದೆ. ಮದುವೆ ಮುಖ್ಯನೋ ಮೂಳೆ ಮುಖ್ಯನೋ ಅಂತ ನನ್ನೇ ಕೇಳುದ್ರು."

ನಾನು ಉತ್ತರ ಕೊಡುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು. "ಕೇಳುಸ್ತು ಬುಡು." ಅಷ್ಟು ಹೇಳಿ ಗೋಡೆ ಕಡೆಗೆ ಮುಖ ಮಾಡಿಕೊಂಡರು. ಆ ಮಧ್ಯಾಹ್ನ ಅವರು ಊಟ ಮಾಡಲಿಲ್ಲ.

ನಮ್ಮತ್ತೆಗೆ ಎಪ್ಪತ್ತೆಂಟು ವರ್ಷ. ಸಂಕ್ರಾಂತಿಗೆ ಮುಂಚೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನಡುಮನೆಯಲ್ಲೇ ಅವರ ಮಂಚ ಹಾಕಿದ್ದೆವು. ಮದುವೆ ಇದ್ದದ್ದು ಅವರ ಮೊಮ್ಮಗಳು ಚೈತ್ರಳದು. ಚೈತ್ರ ನನ್ನ ನಾದಿನಿಯ ಮಗಳು, ಅವರ ಮನೆ ಮಳವಳ್ಳಿಯಲ್ಲಿ. ಆದರೆ ಹುಡುಗಿ ಎರಡು ವರ್ಷದವಳಿದ್ದಾಗಿನಿಂದ ಹೈಸ್ಕೂಲು ಮುಗಿಯುವವರೆಗೂ ಬೆಳೆದದ್ದು ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿ, ಅತ್ತೆಯ ಮಗ್ಗುಲಲ್ಲಿ. ನಾದಿನಿಗೆ ಎರಡನೇ ಹೆರಿಗೆಯಾದ ಮೇಲೆ ಮೈ ಸರಿಯಿರಲಿಲ್ಲ, ಹಾಗಾಗಿ ಕರೆದುಕೊಂಡು ಬಂದಿದ್ದೆವು. ಆಮೇಲೆ ಬಿಟ್ಟುಕೊಡಲು ಅತ್ತೆಗೆ ಮನಸ್ಸಾಗಲಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಗಟ್ಟಿಮೇಳ ಬಾರಿಸಿದ ಹೊತ್ತಿಗೆ ಹಿರಿಯ ಹೆಂಗಸಿನ ಕೈಯಿಂದ ಮೊದಲ ಅಕ್ಷತೆ ಬೀಳಬೇಕು, ಮಿಕ್ಕವರದು ಆಮೇಲೆ. ತಾಳಿ ಕಟ್ಟಿ ಮುಗಿದ ಮೇಲೆ ಎಷ್ಟು ಅಕ್ಷತೆ ಹಾಕಿದರೂ ಅದು ಲೆಕ್ಕಕ್ಕಿಲ್ಲ. ನನ್ನ ಮದುವೆಯಲ್ಲಿ ಅತ್ತೆಯ ಅತ್ತೆ ಹಾಕಿದ್ದರು. ಚೈತ್ರಳಿಗೆ ತಾನೇ ಹಾಕಬೇಕು ಅಂತ ನಮ್ಮತ್ತೆ ಆ ಹುಡುಗಿ ಲಂಗ ಹಾಕುತ್ತಿದ್ದ ಕಾಲದಿಂದಲೂ ಹೇಳುತ್ತಿದ್ದರು.

ನನ್ನ ಮಗಳು ಅಶ್ವಿನಿ ಮೈಸೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ವಿಷಯ ತಿಳಿಸಿದಾಗ ಅವಳೇ ದಾರಿ ಹೇಳಿದಳು. "ವಿಡಿಯೋದವರು ಮದುವೇನ ಲೈವ್ ಹಾಕ್ತಾರಂತೆ ಅಮ್ಮ. ನಮ್ಮ ಕಂಪ್ಯೂಟರಲ್ಲಿ ಅಜ್ಜಿಗೆ ತೋರ್ಸು. ಅಜ್ಜಿ ಅಲ್ಲಿಂದಾನೇ ಅಕ್ಷತೆ ಹಾಕ್ಲಿ."

ಅತ್ತೆ ಅದನ್ನು ಕೇಳಿ, "ದೇವ್ರ ಪಟಕ್ಕೆ ಊವ ಆಕಾಕಿಲ್ವೇ? ಅಂಗೇ ಅಂದ್ಕೊತೀನಿ. ಆದ್ರೆ ಗಟ್ಟಿಮೇಳದ ಒತ್ಗೇ ಆಗ್ಬೇಕು ಕಣಮ್ಮಿ. ಆಮೇಲೆ ಆಕುದ್ರೆ ಅದು ಬರೀ ಅಕ್ಕಿ," ಅಂದರು.

ಯಜಮಾನರು ಸೋದರಮಾವ. ಹೆಣ್ಣನ್ನು ಮಂಟಪಕ್ಕೆ ಕರೆತರುವವರು ಅವರೇ ಆದ್ದರಿಂದ ಹಿಂದಿನ ದಿನವೇ ಮಳವಳ್ಳಿಗೆ ಹೋಗಬೇಕಿತ್ತು. ಅತ್ತೆಯ ಹತ್ತಿರ ಇರಬೇಕಾದವಳು ನಾನೇ. ನನಗೆ ಮದುವೆಗೆ ಹೋಗುವ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಸೀರೆಗೆ ಕುಚ್ಚು ಕಟ್ಟಿಸಿಯಾಗಿತ್ತು. ಆದರೂ ಸೊಂಟ ಮುರಿದ ಮುದುಕಿ ಬದುಕಿ ಮನೆಗೆ ಬಂದಿದ್ದೇ ಆ ತಾಯಿ ಚೌಡಮ್ಮನ ದಯೆ ಅಂದುಕೊಂಡು ಸೀರೆಯನ್ನು ಬೀರುವಿನಲ್ಲಿಟ್ಟೆ.

ಕಂಪ್ಯೂಟರನ್ನು ಕೊರೋನಾ ಕಾಲದಲ್ಲಿ ಅಶ್ವಿನಿಯ ಆನ್‌ಲೈನ್ ಪಾಠಕ್ಕೆಂದು ತಂದದ್ದು. ಅವಳು ಹಾಸ್ಟೆಲಿಗೆ ಹೋದ ಮೇಲೆ ಅದಕ್ಕೆ ನಾನು ಮಾಡುತ್ತಿದ್ದ ಸೇವೆ ಅಂದರೆ ಶುಕ್ರವಾರ ಧೂಳು ಒರೆಸುವುದು, ಆಯುಧಪೂಜೆಗೆ ಕುಂಕುಮ ಇಡುವುದು, ಅಷ್ಟೆ. ನಾನು ಕೊಪ್ಪದಲ್ಲಿ ಎಸ್ಸೆಸ್ಸೆಲ್ಸಿ ಓದಿದವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ, ಅರ್ಥ ನಿಧಾನಕ್ಕೆ ಆಗುತ್ತದೆ. ಫೋನಿನಲ್ಲೇ ತೋರಿಸೋಣ ಅಂದರೆ ಅತ್ತೆಗೆ ಅದರಲ್ಲಿ ಮುಖ ಗುರುತು ಸಿಗುವುದಿಲ್ಲ. "ಇರುವೆ ಸಾಲು ಓದಂಗೆ ಕಾಣ್ತದೆ" ಅನ್ನುತ್ತಾರೆ.

ಮದುವೆಗೆ ಮುಂಚಿನ ಭಾನುವಾರ ಅಶ್ವಿನಿ ಬಂದು, ಕಂಪ್ಯೂಟರ್ ಹೇಗೆ ಹಾಕಬೇಕು, ವಿಡಿಯೋದವರ ಚಾನೆಲ್ ಎಲ್ಲಿ ಸಿಗುತ್ತದೆ, ಚಿತ್ರ ನಿಂತರೆ ಯಾವುದನ್ನು ಒತ್ತಬೇಕು ಎಂದು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಒಂದು ಭಜನೆ ಹಾಕಿ ತೋರಿಸಿದಳು. ಅದು ನಡುವೆ ಎರಡು ಸಲ ನಿಂತಿತು. "ನೆಟ್ ಸ್ವಲ್ಪ ಸ್ಲೋ ಅಷ್ಟೆ" ಅಂದಳು. ಇಬ್ಬರೂ ಅದನ್ನು ಅಲ್ಲಿಗೇ ಮರೆತೆವು.

ಮದುವೆಯ ಹಿಂದಿನ ಸಂಜೆ ಆರತಕ್ಷತೆ. ನಾನು ದೇವರ ದೀಪ ಹಚ್ಚಿ ಬಂದು, ಅತ್ತೆಯ ಬೆನ್ನಿಗೆ ಎರಡು ದಿಂಬು ಕೊಟ್ಟು, ಹಾಳೆ ನೋಡಿಕೊಂಡು ಒಂದೊಂದೇ ಒತ್ತಿದೆ. ಪರದೆಯ ಮೇಲೆ ಮಳವಳ್ಳಿಯ ಛತ್ರ ಬಂತು. ನನ್ನ ಕೈಯಿಂದಲೇ ಬಂತಲ್ಲ ಅಂತ ಎದೆ ಸ್ವಲ್ಪ ಉಬ್ಬಿತು. ಚೈತ್ರ ಗುಲಾಬಿ ಸೀರೆಯಲ್ಲಿ ನಿಂತಿದ್ದಳು. ಅತ್ತೆ, "ಅಗೋ ನನ್ ಕೂಸು" ಅನ್ನುವಷ್ಟರಲ್ಲಿ ಅವಳು ಬಾಯಿ ಅರ್ಧ ತೆರೆದುಕೊಂಡು ನಿಂತುಬಿಟ್ಟಳು. ನಡುವೆ ಒಂದು ಬಿಳಿ ಚಕ್ರ ಬಂದು ಗಿರಗಿರ ತಿರುಗತೊಡಗಿತು.

ಒಂದು ನಿಮಿಷ ಕಾದೆವು. ನಾಲ್ಕು ಹೆಜ್ಜೆ ನಡೆಯುವಷ್ಟು ಹೊತ್ತು ಚಿತ್ರ ಓಡಿತು, ಮತ್ತೆ ಚಕ್ರ.

"ಅದೇನಮ್ಮಿ, ಆಲೆಮನೆ ಗಾಣ ಸುತ್ತಿದಂಗೆ ಸುತ್ತತದೆ, ಒಂದ್ ಲೋಟ ಕಬ್ಬಿನ ಹಾಲೂ ಬರಾಕಿಲ್ವಲ್ಲ," ಅಂದರು ಅತ್ತೆ.

ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದೆ. ಚಕ್ರ ಹೋಗಲಿಲ್ಲ. ಅಶ್ವಿನಿಗೆ ಫೋನು ಮಾಡಿದೆ. ಮೈಸೂರಿನಿಂದ ನೇರ ಮದುವೆಗೆ ಹೋಗಿದ್ದ ಅವಳು ಛತ್ರದಲ್ಲಿ ಮೇಳದ ಗದ್ದಲದಲ್ಲಿದ್ದಳು, ನಾನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ, ಅವಳು ಹೇಳಿದ್ದು ನನಗೆ ಕೇಳಿಸಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡು, "ನಾಳೆನೂ ಇಂಗೇಯಾ?" ಅಂತ ಒಂದೇ ಮಾತು ಕೇಳಿದರು. ಅವರು ಬೈದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ನಮ್ಮ ಮನೆಗೆ ಇಂಟರ್‌ನೆಟ್ ಹಾಕಿಕೊಟ್ಟವರು ಕೇಬಲ್ ಶಿವಣ್ಣ. ಐವತ್ತು ದಾಟಿದ ಮನುಷ್ಯ, ಯಾವಾಗಲೂ ಅವಸರ. ಫೋನು ಮಾಡಿ ಎಲ್ಲ ಹೇಳಿದೆ.

"ನಾನು ಮದ್ದೂರಲ್ಲಿವ್ನಿ ಅಕ್ಕ, ಇವತ್ತು ಬರಾಕಾಗಲ್ಲ. ಒಂದ್ ಕೆಲ್ಸ ಮಾಡಿ. ನಿಮ್ ಫೋನಲ್ಲೇ ಆ ವಿಡಿಯೋ ಹಾಕ್ಕೊಂಡು, ಲೈಟ್ ಮಿಣಮಿಣ ಅಂತದಲ್ಲ ಆ ಡಬ್ಬ, ಅದ್ರ ಪಕ್ಕಕ್ಕೆ ಓಗಿ ನಿಂತ್ಕಳಿ. ಅಲ್ಲಿ ಚೆನ್ನಾಗಿ ಓಡುದ್ರೆ ನನ್ ಲೈನ್ ಸರಿಯಾಗದೆ ಅಂತ. ಓಡ್ನಿಲ್ಲ ಅಂದ್ರೆ ನನ್ನ ಬಯ್ರಿ."

ಆ ಡಬ್ಬ ಇದ್ದದ್ದು ದೇವರ ಮನೆಯಲ್ಲಿ. ಕಂಬದ ವೈರು ಆ ಕಿಟಕಿಯಿಂದಲೇ ಒಳಗೆ ಬಂದಿದ್ದರಿಂದ ಶಿವಣ್ಣ ಅಂದು ಅಲ್ಲೇ ಹಲಗೆಯ ಮೇಲೆ ಕೂರಿಸಿ ಹೋಗಿದ್ದರು. ಫೋನು ಹಿಡಿದುಕೊಂಡು ಅಲ್ಲಿ ನಿಂತೆ. ವಿಡಿಯೋ ನೀರು ಹರಿದ ಹಾಗೆ ಓಡಿತು. ಚೈತ್ರ ನಕ್ಕಳು, ಯಾರೋ ಕೈ ಕುಲುಕಿದರು. ಹೊಸ್ತಿಲು ದಾಟಿದೆ, ತಡವರಿಸಿತು. ನಡುಮನೆಗೆ ಬಂದೆ, ಚಕ್ರ ಬಂತು. ಮತ್ತೆ ದೇವರ ಮನೆಗೆ ಹೋದೆ, ಓಡಿತು.

ನಮ್ಮ ಮನೆಯಲ್ಲಿ ನಲ್ಲಿಗೆ ನೀರು ಬರದಿದ್ದರೆ ನಾನು ಮೊದಲು ತೊಟ್ಟಿ ನೋಡುತ್ತೇನೆ. ತೊಟ್ಟಿಯಲ್ಲಿ ನೀರಿದ್ದರೆ ಪೈಪನ್ನು ಹಿಡಿದುಕೊಂಡು ಬರುತ್ತೇನೆ, ಎಲ್ಲಿ ಕಟ್ಟಿದೆಯೋ ಅಲ್ಲಿ ಬಿಚ್ಚುತ್ತೇನೆ. ಇಲ್ಲೂ ಹಾಗೇ ಅನಿಸಿತು. ತೊಟ್ಟಿ ತುಂಬಿದೆ, ನಡುವೆ ಎಲ್ಲೋ ಕಟ್ಟಿಕೊಂಡಿದೆ. ಏನು ಅಡ್ಡ ಇದೆ ಅಂತ ಡಬ್ಬದ ಕಡೆ ನೋಡಿದೆ. ನೋಡಿ ನನಗೇ ನಾಚಿಕೆಯಾಯಿತು.

ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ಆಸೆಪಟ್ಟು ಒಂದು ದೊಡ್ಡ ಪ್ರಭಾವಳಿ ತಂದಿದ್ದೆ. ಬೆಳ್ಳಿಯ ಹಾಗೇ ಹೊಳೆಯುವ ಲೋಹದ ತಗಡು, ಎರಡೂವರೆ ಅಡಿ ಎತ್ತರ. ದೇವರ ಹಿಂದೆ ಅದನ್ನು ನಿಲ್ಲಿಸಿದಾಗ ಡಬ್ಬ ಅದರ ಬೆನ್ನಿಗೆ ಹೋಗಿತ್ತು. ದೇವರ ಹಿಂದೆ ವೈರು ಕಾಣುವುದು ಚೆಂದವಲ್ಲ ಅಂತ ನಾನೇ ಮರೆಮಾಡಿದ್ದೆ. ಅದೂ ಸಾಲದೆಂದು ಅಕ್ಕಪಕ್ಕ ಎರಡು ಹಿತ್ತಾಳೆ ಕೊಡ, ಮುಂದೆ ತಾಮ್ರದ ಚೊಂಬು. ಶ್ರಾವಣದಿಂದ ಆ ಡಬ್ಬ ಲೋಹದ ಕೋಟೆಯೊಳಗೆ ಕೂತಿತ್ತು. ಅಶ್ವಿನಿ ಮನೆಯಲ್ಲಿ ಇಲ್ಲದ್ದರಿಂದ ಯಾರಿಗೂ ಅದು ಗೊತ್ತಾಗಿರಲಿಲ್ಲ. ಶಿವಣ್ಣನಿಗೆ ಹೇಳಿದೆ.

"ಅಯ್ಯೋ ಅಕ್ಕ," ಅಂತ ನಕ್ಕರು. "ತಗಡು ಅಡ್ಡ ಇದ್ರೆ ಸಿಗ್ನಲ್ ಎಂಗೆ ಆಚೆ ಬತ್ತದೆ? ತಗುದು ಪಕ್ಕಕ್ಕಿಡಿ."

ಆದರೆ ದೀಪ ಹಚ್ಚಿಯಾಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ದೇವರನ್ನಾಗಲಿ ದೇವರ ಸಾಮಾನನ್ನಾಗಲಿ ಅಲುಗಿಸುವುದು ನಮ್ಮಲ್ಲಿ ಇಲ್ಲ. ಬೆಳಿಗ್ಗೆ ಮಿಂದ ಮೇಲೆಯೇ. ಒಂದು ಕ್ಷಣ ಮನಸ್ಸು ಆಚೀಚೆ ಆಯಿತು, ಯಾರು ನೋಡುತ್ತಾರೆ ಅನ್ನಿಸಿತು. ಅತ್ತೆಯ ಹತ್ತಿರ ಬಂದು ವಿಷಯ ಹೇಳಿದೆ. ಅವರ ಆಸೆಯ ವಿಚಾರ ಅಲ್ಲವೇ, ತೆಗಿ ಅಂದರೂ ಅನ್ನಬಹುದು ಅಂದುಕೊಂಡಿದ್ದೆ.

"ದೀಪ ಉರಿತಾ ಅದೆ. ಬ್ಯಾಡ," ಅಂದರು ಅತ್ತೆ. "ಬೆಳಿಗ್ಗೆ ಮಿಂದು ತಗಿ. ತಾಯಿ ಇವತ್ತು ತೋರ್ಸಾಕಿಲ್ಲ ಅಂದ್ರೆ ನಾಳೆ ತೋರುಸ್ತಾಳೆ."

ಮಾರನೆಯ ದಿನ ನಾಲ್ಕೂವರೆಗೆ ಎದ್ದು ತಲೆಗೆ ನೀರು ಹಾಕಿಕೊಂಡೆ. ಪೂಜೆ ಮಾಡಿ, ತಪ್ಪಾಯ್ತು ತಾಯಿ ಅಂತ ಕೈಮುಗಿದು, ಪ್ರಭಾವಳಿಯನ್ನು ತೆಗೆದು ಗೋಡೆಗೆ ಒರಗಿಸಿದೆ. ಕೊಡಗಳನ್ನು ಕೆಳಗಿಳಿಸಿದೆ. ಡಬ್ಬದ ವೈರು ಎಳೆದಷ್ಟೂ ದೇವರ ಮನೆಯ ಹೊಸ್ತಿಲವರೆಗೆ ಮಾತ್ರ ಬಂತು. ಅಲ್ಲೇ ಒಂದು ಸ್ಟೂಲು ಹಾಕಿ ಅದರ ಮೇಲಿಟ್ಟೆ. ಆಮೇಲೆ ಅತ್ತೆಗೆ ಮೈ ಒರೆಸಿ, ಹಸಿರು ಅಂಚಿನ ಸೀರೆ ಉಡಿಸಿ, ಉಪ್ಪಿಟ್ಟು ಮಾಡಿಕೊಟ್ಟೆ. ಅಕ್ಕಿಗೆ ಅರಿಶಿನ, ನಾಲ್ಕು ಹನಿ ತುಪ್ಪ ಹಾಕಿ ಅಕ್ಷತೆ ಕಲಸಿ ಬಟ್ಟಲಲ್ಲಿ ಅವರ ಪಕ್ಕ ಇಟ್ಟೆ. ಮುಹೂರ್ತ ಹತ್ತು ಗಂಟೆ ಹನ್ನೆರಡು ನಿಮಿಷದಿಂದ ಹತ್ತೂ ನಲವತ್ತರ ಒಳಗೆ.

ಎಂಟೂವರೆಗೆ ಲೈವ್ ಶುರುವಾಯಿತು. ಮೊದಲಿಗಿಂತ ಎಷ್ಟೋ ಮೇಲು. ಆದರೂ ಐದು ನಿಮಿಷಕ್ಕೊಮ್ಮೆ ಚಕ್ರ ಬರುತ್ತಲೇ ಇತ್ತು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಆ ಐದನೇ ನಿಮಿಷ ಬಂದರೆ ಏನು ಗತಿ ಅಂತ ಮತ್ತೆ ಶಿವಣ್ಣನಿಗೆ ಫೋನು ಮಾಡಿದೆ.

"ಬೇಗ ಏಳಿ ಅಕ್ಕ, ಕಂಬದ ಮೇಲೆ ಕೂತಿವ್ನಿ."

ಹೇಳಿದೆ.

"ಗಾಳೀಲಿ ಬರೋದ್ನ ನೆಚ್ಕೋಬ್ಯಾಡಿ. ಡಬ್ಬದಿಂದ ಕಂಪ್ಯೂಟ್ರಿಗೆ ವೈರ್ ಆಕ್ಬುಡಿ, ಚಕ್ರನೇ ಬರಾಕಿಲ್ಲ. ಕೊರೋನಾ ಟೈಮಲ್ಲಿ ನಿಮ್ಗೆ ಒಂದ್ ಅಳದಿ ವೈರ್ ಕೊಟ್ಟಿದ್ನಲ್ಲ, ಎಲ್ಲದೆ?"

ಎಲ್ಲಿದೆ ಅಂತ ನನಗೆ ನೆನಪೇ ಆಗಲಿಲ್ಲ. ಡ್ರಾಯರು, ಬೀರು, ಅಶ್ವಿನಿಯ ಹಳೆಯ ಬ್ಯಾಗು, ಎಲ್ಲ ಹುಡುಕಿದೆ. ಮಂಚದ ಮೇಲಿಂದ ಅತ್ತೆ ನನ್ನ ಓಡಾಟ ನೋಡುತ್ತಿದ್ದವರು ಕೇಳಿದರು. "ಏನಮ್ಮಿ ಉಡುಕ್ತಿದ್ದೀಯೆ?"

"ಒಂದು ಹಳದಿ ವೈರು, ಅತ್ತೆ."

"ಅದ್ರಲ್ಲಿ ಅಲ್ವೇ ಅಟ್ಟದ ಮೇಲಿನ ಅಳೇ ಆಸಿಗೆ ಸುತ್ತಿ ಕಟ್ದವಳು ನೀನು? ಅಗ್ಗ ಸಿಗ್ನಿಲ್ಲ ಅಂತ."

ನಿಜ. ಗಟ್ಟಿಮುಟ್ಟಾಗಿದೆ ಅಂತ ನಾನೇ ಕಟ್ಟಿದ್ದೆ. ಅತ್ತೆಯ ಸೊಂಟ ಮುರಿದಿತ್ತೇ ಹೊರತು ಜ್ಞಾಪಕಕ್ಕೆ ಏನೂ ಆಗಿರಲಿಲ್ಲ. ಅದನ್ನೂ ದೇವರು ಉಳಿಸಿಕೊಟ್ಟಿದ್ದಾನಲ್ಲ ಅಂತ ನೆನೆದುಕೊಂಡೆ. ನಾನು ಅತ್ತ ಹೋದಾಗ ಅತ್ತೆಗೆ ಏನೂ ತಪ್ಪಿಹೋಗಬಾರದು ಅಂತ ವಿಡಿಯೋವನ್ನು ಕೈಯಾರೆ ನಿಲ್ಲಿಸಿ, ಏಣಿ ಹಾಕಿ ಅಟ್ಟ ಹತ್ತಿದೆ. ಒಲೆಯ ಮೇಲಿನ ಪಾತ್ರೆಗೆ ತಟ್ಟೆ ಮುಚ್ಚಿ ಹೋದ ಹಾಗೆ ಅಂತಲೇ ನನ್ನ ಲೆಕ್ಕ. ಆ ಲೆಕ್ಕ ಎಷ್ಟು ತಪ್ಪು ಅಂತ ಆಮೇಲೆ ಗೊತ್ತಾಯಿತು.

ನಾನು ಕಟ್ಟಿದ ಗಂಟು ನನಗೇ ಬಿಚ್ಚಲು ಬರಲಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದು ಬಿಡಿಸಿದೆ. ತಲೆ ತುಂಬ ಧೂಳು. ಕೆಳಗಿಳಿದು ವೈರನ್ನು ಒರೆಸಿ ಒಂದು ತುದಿ ಡಬ್ಬಕ್ಕೆ, ಒಂದು ತುದಿ ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದೆ. ಡಬ್ಬದ ಕಡೆ ಟಕ್ ಅಂತ ಕೂತಿತು. ಕಂಪ್ಯೂಟರಿನ ಕಡೆ ಕೂರಲಿಲ್ಲ. ತುದಿಯಲ್ಲಿರುವ ಚಿಕ್ಕ ಪ್ಲಾಸ್ಟಿಕ್ ನಾಲಿಗೆ ಮುರಿದುಹೋಗಿತ್ತು, ಕೈ ಬಿಟ್ಟರೆ ಜಾರುತ್ತಿತ್ತು. ಕೈಯಲ್ಲಿ ಒತ್ತಿ ಹಿಡಿದರೆ ಪಕ್ಕದಲ್ಲಿ ಒಂದು ಹಸಿರು ದೀಪ ಬರುತ್ತಿತ್ತು. ಮುಹೂರ್ತದವರೆಗೂ ಕಂಪ್ಯೂಟರಿನ ಬೆನ್ನು ಹಿಡಿದುಕೊಂಡು ಕೂತಿರಲು ಆಗುತ್ತದೆಯೇ? ಅಡುಗೆಮನೆಗೆ ಹೋಗಿ ಬೆಂಕಿಪೊಟ್ಟಣ ತಂದೆ. ಕಡ್ಡಿಯ ಮದ್ದಿನ ತುದಿ ಮುರಿದು, ಉಳಿದ ಕಡ್ಡಿಯನ್ನು ಸಂದಿಯಲ್ಲಿ ಬೆಣೆಯ ಹಾಗೆ ಸೇರಿಸಿದೆ. ಕೈ ಬಿಟ್ಟೆ. ಹಸಿರು ದೀಪ ಆರಲಿಲ್ಲ.

ವಿಡಿಯೋ ಮುಂದುವರಿಸಿದೆ. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು, ಚಕ್ರ ಬರಲೇ ಇಲ್ಲ. ಚಿತ್ರ ಎಷ್ಟು ಸ್ವಚ್ಛ ಅಂದರೆ ನಾದಿನಿಯ ಓಲೆಯ ಕಲ್ಲು ಕಾಣುತ್ತಿತ್ತು. ಅತ್ತೆ ದಿಂಬಿಗೆ ಒರಗಿ ಕೂತು ಒಬ್ಬೊಬ್ಬರನ್ನೇ ಗುರುತು ಹಿಡಿಯತೊಡಗಿದರು.

"ಆತಗೂರಿನ ಬೋರಮ್ಮ ನೋಡು, ಊರುಗೋಲು ಇಡ್ಕೊಂಡೂ ಬಂದವ್ಳೆ. ನನ್ಗಿಂತ ಎಲ್ಡು ವರ್ಷಕ್ಕೆ ದೊಡ್ಡೋಳು. ನನ್ ಮಗ ನೋಡು, ಪಂಚೆ ಎಂಗೆ ಉಟ್ಟವ್ನೆ, ಗೋಣಿಚೀಲ ಕಟ್ದಂಗೆ."

ನಾನೂ ಒಂದು ಲೋಟ ಕಾಫಿ ಹಿಡಿದು ಅವರ ಪಕ್ಕ ಕೂತೆ. ಗೆದ್ದೆ ಅಂದುಕೊಂಡೆ. ಆಗ ಯಜಮಾನರ ಫೋನು ಬಂತು. ಗಡಿಯಾರದಲ್ಲಿ ಹತ್ತೂ ಕಾಲು.

"ಚೈತ್ರನ್ನ ಮಂಟಪಕ್ಕೆ ಕರ್ಕೊಬಂದು ನಿಲ್ಸುದೆ. ಅವ್ವ ನೋಡ್ತಾವ್ಳಾ?"

ನಾನು ಪರದೆ ನೋಡಿದೆ. ಪರದೆಯಲ್ಲಿ ಯಜಮಾನರು ಇನ್ನೂ ಛತ್ರದ ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಹಾಕುತ್ತಿದ್ದರು.

"ನೀವು ಬಾಗಿಲಲ್ಲಿ ಇಲ್ವಾ?"

"ಬಾಗಿಲಲ್ಲಿದ್ದಿದ್ದು ಆಗ್ಲೇ ಅರ್ಧ ಗಂಟೆಯಾಯ್ತು. ಅಂತರಪಟ ಇಡೀತಾವ್ರೆ ಇಲ್ಲಿ."

ನಾನು ನಿಲ್ಲಿಸಿ ಅಟ್ಟ ಹತ್ತಿದ್ದೆನಲ್ಲ, ವಿಡಿಯೋ ನಿಂತ ಜಾಗದಿಂದಲೇ ಮತ್ತೆ ಹೊರಟಿತ್ತು. ಮದುವೆ ನಮಗಾಗಿ ನಿಂತಿರಲಿಲ್ಲ. ನಾವು ನೋಡುತ್ತಿದ್ದದ್ದು ಅರ್ಧ ಗಂಟೆಯ ಹಿಂದಿನದು. ಅತ್ತೆಗೂ ಅರ್ಥವಾಯಿತು. ಅವರು ಅಕ್ಷತೆ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.

"ರೀ, ಫೋನ್ ಕಟ್ ಮಾಡ್ಬೇಡಿ," ಅಂದೆ. "ಹಂಗೇ ಶರ್ಟಿನ ಜೇಬಿಗೆ ಹಾಕ್ಕೊಂಡು ಮಂಟಪದ ಹತ್ರಾನೇ ನಿಂತ್ಕೊಳ್ಳಿ. ಯಾಕೆ ಅಂತ ಆಮೇಲೆ ಹೇಳ್ತೀನಿ."

ಸ್ಪೀಕರ್ ಹಾಕಿ ಫೋನನ್ನು ಅತ್ತೆಯ ದಿಂಬಿನ ಪಕ್ಕ ಇಟ್ಟೆ. ಪುರೋಹಿತರ ಮಂತ್ರ ಕೇಳಿಸತೊಡಗಿತು. ಅಶ್ವಿನಿಯ ಹಾಳೆ ನೋಡಿದೆ, ಇದಕ್ಕೆ ಅವಳು ಏನೂ ಬರೆದಿರಲಿಲ್ಲ. ಪರದೆಯ ಕೆಳಭಾಗವನ್ನು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರ ಓದಿದೆ. ಒಂದು ಬೂದು ಬಣ್ಣದ ಚುಕ್ಕೆ, ಅದರ ಪಕ್ಕ ನಾಲ್ಕು ಇಂಗ್ಲಿಷ್ ಅಕ್ಷರ. ಕೂಡಿಸಿ ಓದಿದರೆ ಲೈವ್ ಅಂತ. ಆರತಕ್ಷತೆಯ ಸಂಜೆ ಇದೇ ಚುಕ್ಕೆ ಕೆಂಪಗಿತ್ತಲ್ಲ ಅಂತ ನೆನಪಾಯಿತು. ಈಗ ಯಾಕೆ ಬೂದು? ಹಿಂದೆ ಬಿದ್ದಿದ್ದೇವೆ ಅಂತ ಅದು ಹೇಳುತ್ತಿದೆ ಅನ್ನಿಸಿತು. ಚೌಡಮ್ಮನನ್ನು ನೆನೆದು ಅದರ ಮೇಲೆ ಒತ್ತಿದೆ.

ಬಾಗಿಲು, ಪನ್ನೀರು ಎಲ್ಲ ಮಾಯವಾಗಿ ಒಮ್ಮೆಲೇ ಮಂಟಪ ಬಂತು. ಚುಕ್ಕೆ ಕೆಂಪಗಾಯಿತು. ಅಂತರಪಟದ ಈಚೆ ಚೈತ್ರ, ತಲೆ ತಗ್ಗಿಸಿ ನಿಂತಿದ್ದಾಳೆ. ಅಷ್ಟರಲ್ಲಿ ಚಿತ್ರ ತಡವರಿಸಿತು. ಚಕ್ರದ ಮುಖ ಕಂಡ ತಕ್ಷಣ ನಾನು ಹಾಳೆಯ ಕೊನೇ ಸಾಲು ನೋಡಿದೆ. ಹಲ್ಲುಚಕ್ರದ ಗುರುತು ಒತ್ತಿ, ಇರುವ ಅಂಕಿಗಿಂತ ಚಿಕ್ಕ ಅಂಕಿ ಆರಿಸಬೇಕು. ಮುನ್ನೂರ ಅರವತ್ತಕ್ಕೆ ಇಳಿಸಿದೆ. ಚಿತ್ರ ಸ್ವಲ್ಪ ಮಸುಕಾಯಿತು, ನಾದಿನಿಯ ಓಲೆಯ ಕಲ್ಲು ಕಾಣದಂತಾಯಿತು, ಆದರೆ ಓಡತೊಡಗಿತು. ನಮಗೆ ಓಲೆ ಕಟ್ಟಿಕೊಂಡು ಏನು ಕೆಲಸ.

ಇನ್ನೂ ಒಂದು ತೊಡಕು ಉಳಿದಿತ್ತು. ಫೋನಿನಲ್ಲಿ ಪುರೋಹಿತರು ಹೇಳಿ ಮುಗಿಸಿದ ಮಂತ್ರ ಕಂಪ್ಯೂಟರಿನಲ್ಲಿ ಆಮೇಲೆ ಬರುತ್ತಿತ್ತು. ಚುಕ್ಕೆಯನ್ನು ಮತ್ತೆ ಒತ್ತಿದೆ, ಬದಲಾಗಲಿಲ್ಲ. ಬಾಯಲ್ಲಿ ಎಣಿಸಿದೆ. ಇಪ್ಪತ್ತು ಎಣಿಸುವಷ್ಟು ಹೊತ್ತು ಅದು ಹಿಂದೆ. ಈಗ ನನಗೆ ಗೊತ್ತಿದೆ, ಚಿತ್ರ ಮಳವಳ್ಳಿಯಿಂದ ಎಲ್ಲೆಲ್ಲೋ ಸುತ್ತಿ ಬರಬೇಕಾದ್ದರಿಂದ ಅಷ್ಟು ತಡ ಇದ್ದೇ ಇರುತ್ತದೆ, ಯಾರಿಂದಲೂ ತೆಗೆಯಲಾಗುವುದಿಲ್ಲ. ಅಂದು ಅದು ಗೊತ್ತಿರಲಿಲ್ಲ. ಆದರೆ ಎರಡರಲ್ಲಿ ಯಾವುದನ್ನು ನಂಬಬೇಕು ಅನ್ನುವುದು ಮಾತ್ರ ಗೊತ್ತಾಯಿತು.

"ಅತ್ತೆ, ಕಂಪ್ಯೂಟರ್ ಕಡೆ ನೋಡಿ, ಆದರೆ ಫೋನ್ ಕಡೆ ಕಿವಿ ಕೊಡಿ. ಫೋನಲ್ಲಿ ಗಟ್ಟಿಮೇಳ ಬಂದ ತಕ್ಷಣ ಹಾಕ್ಬಿಡಿ. ಚಿತ್ರಕ್ಕೆ ಕಾಯಬೇಡಿ."

ಅತ್ತೆ ತಲೆಯಾಡಿಸಿ ಬಟ್ಟಲಿನಿಂದ ಒಂದು ಹಿಡಿ ತೆಗೆದುಕೊಂಡರು. ಕಣ್ಣು ಮುಚ್ಚಿಕೊಂಡರು. ಕರೆಂಟು ಹೋಗದಿರಲಿ ಅಂತ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಫೋನಿನಲ್ಲಿ ಯಾರೋ, "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೂಗಿದರು. ಡೋಲು, ನಾದಸ್ವರ ಒಟ್ಟಿಗೆ ಎದ್ದವು.

ಅತ್ತೆ ಕೈ ಎತ್ತಿ ಹಾಕಿದರು. ಅಕ್ಷತೆ ಪರದೆಗೆ ಬಡಿದು ಮೇಜಿನ ತುಂಬ ಉದುರಿತು. ಪರದೆಯಲ್ಲಿ ಇನ್ನೂ ಅಂತರಪಟವೇ ಇತ್ತು. ಮಳವಳ್ಳಿಯಲ್ಲಿ ತಾಳಿ ಬೀಳುತ್ತಿದ್ದ ಹೊತ್ತಿಗೆ ಗುತ್ತಲಿನಲ್ಲಿ ಅಕ್ಷತೆ ಬಿದ್ದಾಗಿತ್ತು. ಆಮೇಲೆ ಪರದೆಯಲ್ಲೂ ಗಟ್ಟಿಮೇಳ ಎದ್ದಿತು, ಹುಡುಗ ತಾಳಿ ಎತ್ತಿದ. ಅತ್ತೆ ಈಗ ಕಣ್ಣು ಬಿಟ್ಟುಕೊಂಡು, ಬಟ್ಟಲಲ್ಲಿ ಉಳಿದಿದ್ದನ್ನೂ ಹಿಡಿದು ಇನ್ನೊಂದು ಸಲ ಹಾಕಿದರು.

"ಎರಡು ಸಲ ಹಾಕಿದ್ರಲ್ಲ ಅತ್ತೆ?"

"ಕಿವಿಗೊಂದ್ ಸಲ, ಕಣ್ಣಿಗೊಂದ್ ಸಲ," ಅಂದರು. "ಅಲ್ಲೇ ಓಗಿದ್ರೆ ಒಂದೇ ಸಲ ಆಕ್ತಿದ್ದೆ."

ಯಜಮಾನರಿಗೆ ಜೇಬಿನ ಫೋನು ನೆನಪಾಗಿ ಅವರು ಚೈತ್ರಳಿಗೆ ಏನೋ ಹೇಳಿರಬೇಕು. ಧಾರೆ ಮುಗಿದ ಮೇಲೆ ಅವಳು ಕ್ಯಾಮೆರಾದ ಕಡೆಗೆ ತಿರುಗಿ ಎರಡೂ ಕೈ ಮುಗಿದಳು. ಸುತ್ತ ಅಷ್ಟು ಜನ ಇದ್ದರೂ ಅವಳು ನೋಡಿದ್ದು ನಮ್ಮ ನಡುಮನೆಯನ್ನೇ ಅಂತ ನಮಗಿಬ್ಬರಿಗೂ ಗೊತ್ತಿತ್ತು. ಅತ್ತೆ ಕೈ ಚಾಚಿದರು, ಪರದೆ ಅವರಿಗೆ ಎಟುಕಲಿಲ್ಲ. ನಾನು ಮೇಜನ್ನೇ ಮಂಚದ ಹತ್ತಿರಕ್ಕೆ ಎಳೆದೆ, ಬೆಣೆ ಅಲುಗದ ಹಾಗೆ ಮೆಲ್ಲಗೆ. ಅವರು ಗಾಜಿನ ಮೇಲೆ ಆ ಹುಡುಗಿಯ ಕೆನ್ನೆ ಸವರಿದರು.

ಆಮೇಲೆ ನನ್ನ ಕಡೆ ತಿರುಗಿದರು. ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಮೂರು ವರ್ಷವಾಯಿತು. ಅತ್ತೆ ಕೆಟ್ಟವರಲ್ಲ, ಆದರೆ ಹೊಗಳುವ ಬಾಯಿ ಅವರದಲ್ಲ.

"ನಿಮ್ಮಪ್ಪ ನಿನ್ನ ಇನ್ನೊಂದ್ ನಾಕ್ ವರ್ಷ ಓದುಸ್ಬೇಕಿತ್ತು ಕಣಮ್ಮಿ. ಎಲ್ಲಿಗೋ ಓಗ್ತಿದ್ದೆ ನೀನು," ಅಂದರು. ಹಾಗೇ ಮುಂದುವರಿಸಿದರು. "ಇವತ್ತು ಉಪ್ಪಿಟ್ಗೆ ಮಾತ್ರ ಉಪ್ಪು ಜಾಸ್ತಿ ಆಕ್ಬುಟ್ಟಿದ್ದೆ. ಆಗ ಏಳ್ನಿಲ್ಲ."

ಅತ್ತೆ ಈಗ ಕೋಲು ಹಿಡಿದು ನಡೆಯುತ್ತಾರೆ. ಮನೆಗೆ ಬಂದವರಿಗೆಲ್ಲ ಈ ಕತೆ ಹೇಳುತ್ತಾರೆ, ಬೆಂಕಿಕಡ್ಡಿಯ ವಿಷಯ ಬಂದಾಗ ದನಿ ಏರಿಸುತ್ತಾರೆ. ಡಬ್ಬಕ್ಕೆ ಬೇರೆ ಜಾಗ ಮಾಡಿದ್ದೇವೆ, ದೇವರಿಗೂ ಅದಕ್ಕೂ ಈಗ ತಕರಾರಿಲ್ಲ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ವಿಡಿಯೋ ನಿಂತರೂ ಮೊದಲು ನನ್ನನ್ನು ಕರೆಯುತ್ತಾರೆ. ನಾನು ಹೋಗಿ, ಮೊದಲು ಡಬ್ಬ ಎಲ್ಲಿದೆ ಅಂತ ಕೇಳುತ್ತೇನೆ. ಒಬ್ಬರು ಅದನ್ನು ಸ್ಟೀಲು ಪಾತ್ರೆಯ ಸ್ಟ್ಯಾಂಡಿನಲ್ಲಿಟ್ಟಿದ್ದರು, ಇನ್ನೊಬ್ಬರು ಕಬ್ಬಿಣದ ಬೀರುವಿನ ಹಿಂದೆ. ಯಾರನ್ನೂ ನೋಡಿ ನಾನು ನಗುವುದಿಲ್ಲ.

ಹೆಮ್ಮೆ ಪಡಬಾರದು ಅನ್ನುತ್ತಾರೆ. ಆದರೆ ಆ ದಿನವನ್ನು ನೆನೆದರೆ ನನಗೆ ಹೆಮ್ಮೆ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅತ್ತೆಯ ನೆನಪು ಚೆನ್ನಾಗಿತ್ತು, ಕರೆಂಟು ಹೋಗಲಿಲ್ಲ, ಶಿವಣ್ಣ ಕಂಬದ ಮೇಲಿದ್ದರೂ ಫೋನು ಎತ್ತಿದರು, ಇವೆಲ್ಲ ಆ ತಾಯಿ ಕೊಟ್ಟದ್ದು. ಉಳಿದದ್ದನ್ನು ನಾನು ಮಾಡಿದೆ.

ಆ ದಿನ ಛತ್ರದಲ್ಲಿ ಊಟದ ಪಂಕ್ತಿ ಶುರುವಾದಾಗ ಅತ್ತೆ ಹಾಗೇ ನಿದ್ದೆ ಹೋದರು. ನಾನು ಕಂಪ್ಯೂಟರ್ ಆರಿಸಿದೆ. ಕೀಲಿಗಳ ಸಂದಿಯಲ್ಲಿ ಸೇರಿಕೊಂಡಿದ್ದ ಅಕ್ಷತೆಯನ್ನು ಕೀಬೋರ್ಡ್ ಬೋರಲು ಹಾಕಿ ಉದುರಿಸಿ, ತುಳಿಯದ ಹಾಗೆ ಆಯ್ದು ತುಳಸಿಗಿಡದ ಬುಡಕ್ಕೆ ಹಾಕಿದೆ. ಬಚ್ಚಲಲ್ಲಿ ಅತ್ತೆಯ ಹೊದಿಕೆ, ಸೀರೆ ಬೆಳಗಿನಿಂದ ನೆನೆದುಕೊಂಡು ಕೂತಿದ್ದವು. ಹೊರಗೆ ಒಳ್ಳೆಯ ಬಿಸಿಲಿತ್ತು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಗೆಯಲು ಕೂತೆ.